ಸೇವಿಸುವವರೇ ಇಲ್ಲದ ಊರು

ಶಿರಾ ಸೀಮೆಯ ಒಂದು ಹಳ್ಳಿ, ಬೇಸಿಗೆ ಮಧ್ಯಾಹ್ನ. ಜಗಲಿ ಮೇಲೆ ಕಾಲು ಚಾಚಿ ಕೂತಿದ್ದ ಅಜ್ಜಿಯ ಎದುರು ನಾನು. ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಫಾರಂ. ಡಿಗ್ರಿ ಮುಗಿಸಿ ಕೆಲಸಕ್ಕೆ ಅಲೆಯುತ್ತಿದ್ದ ಕಾಲ ಅದು. ದಿನಗೂಲಿ ಲೆಕ್ಕದಲ್ಲಿ ಒಂದು ಸಣ್ಣ ಆರೋಗ್ಯ ಸಮೀಕ್ಷೆಗೆ ಮನೆಮನೆ ಸುತ್ತುತ್ತಿದ್ದೆ. ಫಾರಂನಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದಿದೆ: ‘ನೀವು ಪ್ರಸ್ತುತ ಯಾವುದೇ ರೂಪದಲ್ಲಿ ತಂಬಾಕು ಸೇವಿಸುತ್ತೀರಾ?’

‘ಅಯ್ಯೋ ಇಲ್ಲ ಕಣಪ್ಪ. ನಮ್ಗ್ಯಾಕೆ ಅವೆಲ್ಲ.’

‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದೆ. ಬಿ.ಪಿ. ಇದೆಯಾ, ಸಕ್ಕರೆ ಕಾಯಿಲೆ ಇದೆಯಾ ಎಂದು ಕೇಳುತ್ತಿರುವಾಗಲೇ ಅಜ್ಜಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸಂಚಿ ತೆಗೆದಳು. ವೀಳ್ಯದೆಲೆಯ ತೊಟ್ಟು ಮುರಿದು, ಸೆರಗಿಗೆ ಒರೆಸಿ, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಹೋಳು ಇಟ್ಟು ಮಡಚಿ ಬಾಯಿಗಿಟ್ಟಳು. ಆಮೇಲೆ ಅದೇ ಸಂಚಿಯ ಒಳಖಾನೆಯಿಂದ ಕಪ್ಪು ಎಸಳು ಚಿವುಟಿ, ಅಂಗೈಯಲ್ಲಿ ಹೆಬ್ಬೆರಳಿಂದ ತಿಕ್ಕಿ, ಧೂಳು ಊದಿ ದವಡೆಗೆ ಒತ್ತಿದಳು.

‘ಅದೇನಜ್ಜಿ?’

‘ಹೊಗೆಸೊಪ್ಪು. ಮದ್ವೆ ಆದಾಗ್ನಿಂದ ಹಾಕ್ತೀನಿ. ವಸಿ ಬೇಕೇನು?’

ಆಕೆ ಸುಳ್ಳು ಹೇಳಿರಲಿಲ್ಲ. ‘ಸೇವಿಸು’ ಎಂಬ ಕ್ರಿಯಾಪದ ಆಕೆಯ ಬದುಕಿನಲ್ಲೇ ಇರಲಿಲ್ಲ, ಅಷ್ಟೆ. ಸೇವನೆ ಎಂಬುದು ರೇಡಿಯೋದಲ್ಲಿ ಬರುವ ಮಾತು, ಮಾತ್ರೆ ಚೀಟಿಯ ಮಾತು. ತಂಬಾಕು ಎಂದರೆ ಆಕೆಗೆ ಗಂಡಸರು ಅಂಗಡಿಯಲ್ಲಿ ಕೊಳ್ಳುವ ಏನೋ ಒಂದು. ತನ್ನ ಸಂಚಿಯಲ್ಲಿರುವುದು ಹೊಗೆಸೊಪ್ಪು. ಅದನ್ನು ಯಾರೂ ಸೇವಿಸುವುದಿಲ್ಲ, ಹಾಕುತ್ತಾರೆ.

ಅವತ್ತು ಬೆಳಿಗ್ಗೆಯಿಂದ ನಾನು ಮುಗಿಸಿದ್ದು ಹನ್ನೊಂದು ಮನೆ. ಹನ್ನೊಂದರಲ್ಲೂ ಹೆಂಗಸರ ಸಾಲಿನಲ್ಲಿ ‘ಇಲ್ಲ’. ಅಲ್ಲಿಯವರೆಗೆ ಅದು ನನಗೆ ವಿಚಿತ್ರ ಅನ್ನಿಸಿಯೇ ಇರಲಿಲ್ಲ ಎನ್ನುವುದೇ ಈಗ ವಿಚಿತ್ರ ಅನ್ನಿಸುತ್ತದೆ. ನಮ್ಮಜ್ಜಿಯೂ ಹಾಕುತ್ತಿದ್ದವಳೇ.

ಕನ್ನಡದಲ್ಲಿ ಈ ಒಂದು ಗಿಡಕ್ಕೆ ಎಷ್ಟು ಕ್ರಿಯಾಪದ ನೋಡಿ. ಬೀಡಿ ಸೇದುತ್ತಾರೆ, ಬಡಗಣ ಕಡೆ ಎಳೆಯುವುದೂ ಉಂಟು. ಹೊಗೆಸೊಪ್ಪು, ಕಡ್ಡಿಪುಡಿ ಹಾಕುತ್ತಾರೆ. ನಶ್ಯ ಏರಿಸುತ್ತಾರೆ. ಗುಟ್ಕಾ ತಿನ್ನುತ್ತಾರೆ. ನಿಪ್ಪಾಣಿ ಕಡೆ ಸುಟ್ಟ ತಂಬಾಕಿನ ಪುಡಿಯಲ್ಲಿ, ಅಂದರೆ ಮಶೇರಿಯಲ್ಲಿ, ಹಲ್ಲು ತಿಕ್ಕುತ್ತಾರೆ. ಅದು ಚಟವೆಂದು ತಿಕ್ಕುವವರಿಗೆ ಅನ್ನಿಸಿರುವುದಿಲ್ಲ, ಹಲ್ಲುಪುಡಿ ಅಂದುಕೊಂಡಿರುತ್ತಾರೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೋಗಿ ‘ತಂಬಾಕು ಇದೆಯಾ’ ಅಂದರೆ ಎಷ್ಟು ಎಕರೆ, ಎಲೆ ಹದಮಾಡುವ ಬ್ಯಾರನ್ ಸ್ವಂತದ್ದಾ, ಹರಾಜಿನಲ್ಲಿ ಈ ಸಲ ಏನು ರೇಟು ಎಂಬಲ್ಲಿಗೆ ಮಾತು ಹೊರಳುತ್ತದೆ. ನಮ್ಮ ತರಬೇತಿಯ ದಿನ ಮಂಗಳೂರು ಕಡೆಯ ಹುಡುಗಿಯೊಬ್ಬಳು ಹೇಳಿ ನಗಿಸಿದ್ದಳು: ಬಂಟ್ವಾಳದ ಕಡೆ ಹೆಂಗಸರನ್ನು ‘ನಿಮಗೆ ಬೀಡಿ ಉಂಟಾ?’ ಅಂತ ಕೇಳಿದರೆ ‘ಉಂಟು, ದಿನಕ್ಕೆ ಐನೂರು’ ಅನ್ನುತ್ತಾರಂತೆ. ಸೇದುವುದಲ್ಲ, ಕಟ್ಟುವುದು.

ಅವತ್ತು ನಕ್ಕಿದ್ದೆವು. ಈಗ ಅಂಕಿಅಂಶದ ಕೆಲಸದಲ್ಲೇ ಹೊಟ್ಟೆ ಹೊರೆಯುತ್ತಿದ್ದೇನೆ. ಯಾರಾದರೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಯಾವ ದೇಶದವರು ಅತಿ ಹೆಚ್ಚು ತಂಬಾಕು ಬಳಸುತ್ತಾರೆ’ ಎಂಬ ಬಣ್ಣಬಣ್ಣದ ಭೂಪಟ ಹಾಕಿದಾಗಲೆಲ್ಲ ಆ ಬೀಡಿಯೇ ನೆನಪಾಗುತ್ತದೆ. ಮೊನ್ನೆಯೂ ಒಂದು ಬಂತು. ಭಾರತ ತಿಳಿ ಹಳದಿ, ಯುರೋಪಿನ ಅರ್ಧ ಕಡುಗೆಂಪು. ಕೆಳಗೆ ಸಹೋದ್ಯೋಗಿಯ ಷರಾ: ‘ನೋಡಿ, ನಾವೇ ವಾಸಿ.’ ಮೂಲೆಯಲ್ಲಿ ಇರುವೆಯ ಗಾತ್ರದ ಅಕ್ಷರದಲ್ಲಿ ಬರೆದಿತ್ತು: ಸಿಗರೇಟು.

ಅಷ್ಟು ಸಾಕು, ಭಾರತ ವಾಸಿಯಾಗಲು. 2016-17ರ ಗ್ಯಾಟ್ಸ್ ಎಂಬ ರಾಷ್ಟ್ರಮಟ್ಟದ ಸಮೀಕ್ಷೆಯಲ್ಲಿ ನಮ್ಮ ವಯಸ್ಕರಲ್ಲಿ ಸಿಗರೇಟು ಸೇದುವವರು ಕೇವಲ ಶೇ. 4. ಬೀಡಿ ಸೇದುವವರು ಶೇ. 7.7. ಬೀಡಿ, ಸಿಗರೇಟು, ಹುಕ್ಕಾ, ಚುಟ್ಟಾ ಎಲ್ಲ ಸೇರಿ ಹೊಗೆ ಬಿಡುವವರು ಶೇ. 10.7. ಜಗಿಯುವ, ಅದುಮಿಡುವ, ತಿಕ್ಕುವ, ಮೂಗಿಗೇರಿಸುವ ಹೊಗೆರಹಿತದ ಮಂದಿ ಅದರ ಎರಡರಷ್ಟು, ಶೇ. 21.4. ಕೆಲವರು ಎರಡೂ ಕಡೆ ಇರುವುದರಿಂದ ಒಟ್ಟು ಕೂಡಿಸಿದರೆ ಬರುವುದು 28.6. ಒಂದೇ ದೇಶ, ಒಂದೇ ವರ್ಷ, ಒಂದೇ ಸಮೀಕ್ಷೆ. ಯಾವ ಸಾಲನ್ನು ಎತ್ತಿ ಭೂಪಟಕ್ಕೆ ಬಳಿಯುತ್ತೀರಿ ಎಂಬುದರ ಮೇಲೆ ಬಣ್ಣ ಬದಲು. ಸಿಗರೇಟಿನ ಮಾರಾಟದ ಲೆಕ್ಕ, ಸುಂಕದ ಲೆಕ್ಕ ಹಿಡಿದು ತಲಾವಾರು ಬಳಕೆ ಎಂದು ಪಟ್ಟಿ ಮಾಡುವವರದ್ದು ಇನ್ನೂ ಮಜ. ಆ ಪಟ್ಟಿಯಲ್ಲಿ ನಮ್ಮ ಅಜ್ಜಿಯ ಸಂಚಿ ಹುಟ್ಟಿಯೇ ಇಲ್ಲ.

ಗ್ಯಾಟ್ಸ್ ಶುರುವಾದದ್ದೇ ಈ ತಾಪತ್ರಯಕ್ಕೆ. ಪೂರ್ತಿ ಹೆಸರು ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮತ್ತಿತರರು ಸೇರಿ ಹುಟ್ಟುಹಾಕಿದ ವ್ಯವಸ್ಥೆ. ಅದಕ್ಕೂ ಮೊದಲು ಒಂದೊಂದು ದೇಶ ಒಂದೊಂದು ಅಳತೆಗೋಲು ಹಿಡಿದಿತ್ತು. ಅಮೆರಿಕದವರ ರಾಷ್ಟ್ರೀಯ ಸಮೀಕ್ಷೆಯಲ್ಲಿ 18 ದಾಟಿದವರಷ್ಟೇ ವಯಸ್ಕರು. ಸಾಲದ್ದಕ್ಕೆ, ಜನ್ಮದಲ್ಲಿ 100 ಸಿಗರೇಟಾದರೂ ಸೇದಿರದಿದ್ದರೆ ಈಗ ಸೇದುತ್ತಿದ್ದರೂ ಅವರನ್ನು ಸೇದುವವರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗ್ಯಾಟ್ಸ್‌ನಲ್ಲಿ ಆ ನೂರರ ಗಡಿ ಇಲ್ಲ, ವಯಸ್ಸು 15ರಿಂದ ಶುರು, ಪ್ರಶ್ನೆ ನೇರ: ಈಗ ದಿನಾ ಸೇದುತ್ತೀರಾ, ಯಾವಾಗಲಾದರೂ ಸೇದುತ್ತೀರಾ, ಇಲ್ಲವೇ ಇಲ್ಲವಾ? ಹೊಗೆರಹಿತಕ್ಕೂ ಅದೇ ಮೂರು ಆಯ್ಕೆ. ಮೂವತ್ತಕ್ಕೂ ಹೆಚ್ಚು ದೇಶಗಳಲ್ಲಿ ಇದೇ ಪ್ರಶ್ನೆ ಕೇಳಿದ್ದಾರೆ. ನಮ್ಮಲ್ಲಿ 2009-10ರಲ್ಲಿ ಮುಂಬೈಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಸುಮಾರು 69 ಸಾವಿರ ಮಂದಿಯನ್ನು, 2016-17ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 74 ಸಾವಿರ ಮಂದಿಯನ್ನು ಮಾತಾಡಿಸಿತ್ತು.

ನನಗೆ ಇದರಲ್ಲಿ ಇಷ್ಟವಾಗುವುದು ದೊಡ್ಡ ಸಂಖ್ಯೆಯಲ್ಲ, ಚಿಕ್ಕ ನಿಯಮಗಳು. ಮನೆಗೆ ಹೋದಾಗ ಯಾರು ಸಿಕ್ಕರೆ ಅವರನ್ನು ಕೇಳುವ ಹಾಗಿಲ್ಲ. ಮನೆಯ ವಯಸ್ಕರ ಹೆಸರೆಲ್ಲ ಕೈಯಲ್ಲಿರುವ ಯಂತ್ರಕ್ಕೆ ತುಂಬಬೇಕು, ಅದರೊಳಗಿಂದ ಅದು ಚೀಟಿ ಎತ್ತಿದ ಹಾಗೆ ಒಬ್ಬರನ್ನು ಆರಿಸುತ್ತದೆ. ಆ ಒಬ್ಬರೇ ಉತ್ತರಿಸಬೇಕು. ಅವರು ಹೊಲಕ್ಕೆ ಹೋಗಿದ್ದರೆ ಮತ್ತೆ ಬರಬೇಕು. ಯಾಕೆ ಇಷ್ಟು ಕಟ್ಟುನಿಟ್ಟು ಅಂತ ಹಳ್ಳಿ ಸುತ್ತಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಮನೆ ಬಾಗಿಲಲ್ಲಿ ನಿಂತರೆ ಎದುರು ಬರುವವರು ಯಜಮಾನರು. ‘ಅವಳನ್ನೇನು ಕೇಳ್ತೀರಿ ಸಾರ್, ಅವಳಿಗೇನೂ ಇಲ್ಲ, ನಾನೇ ಹೇಳ್ತೀನಿ ಬರ್ಕೊಳ್ಳಿ.’ ಒಳಗೆ ಬಾಗಿಲ ಸಂದಿಯಲ್ಲಿ ನಿಂತವಳ ದವಡೆ ಉಬ್ಬಿರುತ್ತದೆ.

ಒಬ್ಬರು ಇನ್ನೊಬ್ಬರ ಪರವಾಗಿ ಹೇಳುವುದಕ್ಕೂ ತಾನೇ ಹೇಳುವುದಕ್ಕೂ ಎಷ್ಟು ಅಂತರ? ನಮ್ಮ ದೇಶದ್ದೇ ಇನ್ನೊಂದು ದೊಡ್ಡ ಸಮೀಕ್ಷೆ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು (2019-21), 15 ದಾಟಿದ ಹೆಂಗಸರಲ್ಲಿ ತಂಬಾಕು ಬಳಸುವವರು ಶೇ. 8.9 ಅನ್ನುತ್ತದೆ. ಅದಕ್ಕಿಂತ ಮೂರ್ನಾಲ್ಕು ವರ್ಷ ಮೊದಲಿನ ಗ್ಯಾಟ್ಸ್ ಪ್ರಕಾರ 14.2. ಗಂಡಸರದ್ದು 38 ಮತ್ತು 42.4. ಗಂಡಸರ ಅಂಕಿ ಹೆಚ್ಚುಕಡಿಮೆ ಜೊತೆಜೊತೆಗೇ ನಡೆಯುತ್ತದೆ, ಹೆಂಗಸರದ್ದು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯುತ್ತದೆ. ಈ ನಡುವೆ ಒಂದಿಷ್ಟು ಜನ ನಿಜವಾಗಿಯೂ ಬಿಟ್ಟಿರಬಹುದು. ಆದರೆ ಕುಟುಂಬ ಸಮೀಕ್ಷೆಯ ಈ ಅಂಕಿ ಬರುವುದು ಮನೆಯವರೆಲ್ಲರ ಪಟ್ಟಿ ಮಾಡುವ ಹಾಳೆಯಿಂದ, ಅಲ್ಲಿ ಒಬ್ಬರು ಎಲ್ಲರ ಪರವಾಗಿ ಉತ್ತರಿಸುತ್ತಾರೆ. ಅತ್ತೆಯ ಸಂಚಿ ಸೊಸೆಗೆ ಗೊತ್ತಿರುತ್ತದೆ. ಗೊತ್ತಿದ್ದೂ ಪರಊರಿನವನೆದುರು ಹೇಳುತ್ತಾಳೆಯೇ? ಎರಡರಲ್ಲಿ ಯಾವುದನ್ನು ನಂಬುತ್ತೀರಿ ಅಂದರೆ ನಾನು ಗ್ಯಾಟ್ಸ್ ಕಡೆ.

ತಾನೇ ಹೇಳಿದರೂ ಸತ್ಯ ಬರುತ್ತದೆಂದು ಭರವಸೆ ಏನಿಲ್ಲ. ದಕ್ಷಿಣ ಕೊರಿಯಾದಲ್ಲಿ 2008ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಜೊತೆ ಮೂತ್ರ ಪರೀಕ್ಷೆಯನ್ನೂ ಮಾಡಿದ್ದರು. ನಿಕೋಟಿನ್ ಒಡೆದಾಗ ಮೈಯಲ್ಲಿ ಉಳಿಯುವ ಕೋಟಿನಿನ್ ಎಂಬ ವಸ್ತು ಎರಡು ಮೂರು ದಿನ ಸಾಕ್ಷಿ ಹೇಳುತ್ತದೆ. ಸಿಗರೇಟು ಸೇದುತ್ತೇನೆ ಎಂದು ಬಾಯಿಬಿಟ್ಟು ಹೇಳಿದ ಹೆಂಗಸರು ನೂರಕ್ಕೆ ಸುಮಾರು 6. ಮೂತ್ರ ಹೇಳಿದ್ದು ಸುಮಾರು 14. ಗಂಡಸರಲ್ಲಿ ಬಾಯಿಗೂ ಮೂತ್ರಕ್ಕೂ ಅಷ್ಟು ಜಗಳವಿರಲಿಲ್ಲ. ಸೋಲ್ ನಗರದ ಹೆಂಗಸು ಬಚ್ಚಿಡುವುದು ನಾಚಿಕೆಯಿಂದ. ಶಿರಾದ ಅಜ್ಜಿ ಏನನ್ನೂ ಬಚ್ಚಿಡಲಿಲ್ಲ, ನನ್ನ ಕಣ್ಣೆದುರೇ ಹಾಕಿದಳು, ಬೇಕಾ ಅಂತಲೂ ಕೇಳಿದಳು. ಎರಡೂ ಕಡೆ ಫಾರಂನಲ್ಲಿ ‘ಇಲ್ಲ’. ಹಾಗಂತ ಎಲ್ಲ ಕಡೆ ಮೂತ್ರ ಹಿಡಿದುಬಿಡೋಣ ಎಂದರೆ ಖರ್ಚು ಮಾತ್ರವಲ್ಲ, ಇನ್ನೊಂದು ತೊಡಕಿದೆ. ಬೀಡಿಯೋ ಹೊಗೆಸೊಪ್ಪೋ ಎಂಬುದನ್ನು ಕೋಟಿನಿನ್ ಹೇಳಲಾರದು. ಅದಕ್ಕೆ ಮತ್ತೆ ಬಾಯನ್ನೇ ಕೇಳಬೇಕು.

ದೇಶದೇಶಗಳ ಹೋಲಿಕೆಗೆ ಬರೋಣ. ನನಗೆ ತುಂಬ ಹಿಡಿಸಿದ ಜೋಡಿ ಭಾರತ-ಚೀನಾ. 2010ರ ಗ್ಯಾಟ್ಸ್‌ನಲ್ಲಿ ಚೀನಾದ ಧೂಮಪಾನಿಗಳು ಶೇ. 28.1. ಭಾರತದಲ್ಲಿ 2016-17ರಲ್ಲಿ ತಂಬಾಕು ಬಳಸುವವರು 28.6. ಪಟ್ಟಿಯಲ್ಲಿ ಅಕ್ಕಪಕ್ಕ ಇಟ್ಟರೆ ಅವಳಿಜವಳಿ. ಬಿಡಿಸಿ ನೋಡಿ: ಚೀನಾದಲ್ಲಿ ಗಂಡಸರು 52.9, ಹೆಂಗಸರು 2.4. ಅಂದರೆ 28 ಎಂಬ ಅಂಕಿ ಅಲ್ಲಿ ಯಾರ ಕಥೆಯನ್ನೂ ಹೇಳುತ್ತಿಲ್ಲ. ಅರ್ಧಕ್ಕಿಂತ ಹೆಚ್ಚು ಗಂಡಸರು ಸೇದುವ, ಹೆಂಗಸರು ಮುಟ್ಟದ ನಾಡು ಅದು. ನಮ್ಮಲ್ಲಿಯೂ ಸೇದುವ ಹೆಂಗಸರು ಶೇ. 2 ಮಾತ್ರ, ಆದರೆ ಬಾಯಿಗೆ ಹಾಕುವವರು 12.8. ಬಾಂಗ್ಲಾದೇಶಕ್ಕೆ ಹೋದರೆ ಚಿತ್ರ ಇನ್ನೂ ತಿರುಗುತ್ತದೆ. ಅಲ್ಲಿ 2017ರಲ್ಲಿ ಹೊಗೆರಹಿತ ತಂಬಾಕು ಬಳಸುವ ಹೆಂಗಸರು 24.8, ಗಂಡಸರು 16.2. ಗಂಡಸರಿಗಿಂತ ಹೆಂಗಸರೇ ಹೆಚ್ಚು! ಅಲ್ಲಿ ‘ಸೇದುತ್ತೀರಾ’ ಎಂದಷ್ಟೇ ಕೇಳಿ ಬಂದ ಸಮೀಕ್ಷೆ ಆ ದೇಶದ ಹೆಂಗಸರನ್ನು ಸ್ವಚ್ಛ ಎಂದು ಘೋಷಿಸಿಬಿಡುತ್ತಿತ್ತು. ಇನ್ನು ಆಂಧ್ರದ ಉತ್ತರ ಕರಾವಳಿಯ ಶ್ರೀಕಾಕುಳಂ ಸುತ್ತ ಹೆಂಗಸರು ಚುಟ್ಟಾದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವ ರೂಢಿಯಿದೆ. ಅದನ್ನು ಮೊದಲ ಸಲ ಕಂಡ ಸಮೀಕ್ಷಕ ಪೆನ್ನು ಕೆಳಗಿಟ್ಟಿರಲೂ ಸಾಕು.

ಅಮೆರಿಕವನ್ನು ಎದುರಿಗಿಟ್ಟರೆ ಬೇರೆಯದೇ ಗೋಜಲು. 2017ರಲ್ಲಿ ಅಲ್ಲಿ ಸಿಗರೇಟು ಸೇದುವ ವಯಸ್ಕರು ಶೇ. 14, ‘ಯಾವುದೇ ತಂಬಾಕು ಉತ್ಪನ್ನ’ ಬಳಸುವವರು 19.3. ನಮ್ಮ 28.6ರ ಪಕ್ಕಕ್ಕೆ ಇಡಬೇಕಾದದ್ದು ಈ 19.3 ತಾನೇ? ಇಡಬಹುದು, ಆದರೆ ಅದರೊಳಗೆ ಇ-ಸಿಗರೇಟೂ ಸೇರಿದೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಲೆಕ್ಕದಲ್ಲಿ ಅದು ಸೇರುವುದಿಲ್ಲ. ನಮ್ಮಲ್ಲಂತೂ 2019ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿದ್ದಾರೆ. ಸ್ವೀಡನ್ನಿನವರು ತುಟಿಯೊಳಗೆ ಸ್ನೂಸ್ ಎಂಬ ತಂಬಾಕಿನ ಪುಟ್ಟ ಪೊಟ್ಟಣ ಇಟ್ಟುಕೊಳ್ಳುತ್ತಾರೆ. ಯುರೋಪ್ ಒಕ್ಕೂಟದಲ್ಲಿ ಅದನ್ನು ಮಾರಲು ಅನುಮತಿ ಇರುವುದು ಅದೊಂದೇ ದೇಶಕ್ಕೆ. ಹೊಗೆಯ ಪಟ್ಟಿಯಲ್ಲಿ ಸ್ವೀಡನ್ ತಳದಲ್ಲಿರುತ್ತದೆ, ನಾವೂ ಅದರ ಆಸುಪಾಸು. ಹಾಗೆಂದು ಸ್ನೂಸ್ ಮತ್ತು ನಮ್ಮ ಗುಟ್ಕಾ ಒಂದೇ ಸಾಲಿನಲ್ಲಿ ಕೂರುವ ವಸ್ತುಗಳಲ್ಲ. ಭಾರತದ ಗಂಡಸರನ್ನು ಕಾಡುವ ಕ್ಯಾನ್ಸರ್‌ಗಳಲ್ಲಿ ಬಾಯಿಯದ್ದು ಮುಂಚೂಣಿಯಲ್ಲಿದೆ. ‘ಹೊಗೆರಹಿತ’ ಎಂಬ ಒಂದೇ ಪದ ಇಬ್ಬರನ್ನೂ ಒಂದೇ ಚೀಲಕ್ಕೆ ತುಂಬುತ್ತದೆ.

ವಯಸ್ಸಿನ ತಕರಾರೂ ಇದೆ. ‘ವಯೋ-ಹೊಂದಾಣಿಕೆ ಮಾಡಿದ ಪ್ರಮಾಣ’ ಎಂಬ ಮಾತು ವರದಿಗಳಲ್ಲಿ ಬಂದಾಗ ಓದುಗರು ಸಾಮಾನ್ಯವಾಗಿ ಹಾರಿಸಿ ಮುಂದೆ ಹೋಗುತ್ತಾರೆ. ನಾನು ಅದನ್ನು ಹೀಗೆ ಅರ್ಥ ಮಾಡಿಕೊಂಡೆ. ಮಕ್ಕಳೆಲ್ಲ ಬೆಂಗಳೂರು ಸೇರಿ ಮುದುಕರಷ್ಟೇ ಉಳಿದ ಮಲೆನಾಡಿನ ಒಂದು ಊರು ಇಟ್ಟುಕೊಳ್ಳಿ: ನೂರು ವಯಸ್ಕರಲ್ಲಿ 70 ಹಿರಿಯರು, 30 ಕಿರಿಯರು. ಬೆಂಗಳೂರಿನ ಹೊರವಲಯದ ಒಂದು ಬಡಾವಣೆ: 20 ಹಿರಿಯರು, 80 ಕಿರಿಯರು. ಎರಡೂ ಕಡೆ ಹಿರಿಯರಲ್ಲಿ ನೂರಕ್ಕೆ 40, ಕಿರಿಯರಲ್ಲಿ ನೂರಕ್ಕೆ 10 ಮಂದಿ ಎಲೆಯಡಿಕೆಗೆ ಹೊಗೆಸೊಪ್ಪು ಹಾಕುತ್ತಾರೆ ಎಂದು ಲೆಕ್ಕಕ್ಕೆ ಹಿಡಿಯೋಣ. ಊರಿನ ಒಟ್ಟು 31 ಬರುತ್ತದೆ, ಬಡಾವಣೆಯದ್ದು 16. ಅಭ್ಯಾಸ ಕೂದಲೆಳೆಯಷ್ಟೂ ಬೇರೆಯಿಲ್ಲ, ಆದರೂ ಸಂಖ್ಯೆ ಹೆಚ್ಚುಕಡಿಮೆ ದುಪ್ಪಟ್ಟು. ಜಪಾನು ಆ ಊರಿನ ಹಾಗೆ, ಭಾರತ ಬಡಾವಣೆಯ ಹಾಗೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳನ್ನೂ ಒಂದೇ ಕಾಲ್ಪನಿಕ ಜನಸಂಖ್ಯೆಯ ಅಚ್ಚಿಗೆ ಹೊಯ್ದು ಹೋಲಿಸುತ್ತದೆ. ಸಮೀಕ್ಷೆಯೇ ಆಗದ ವರ್ಷಗಳಿಗೆ ಮಾದರಿ ಕಟ್ಟಿ ಅಂದಾಜು ತುಂಬುತ್ತದೆ. ಪತ್ರಿಕೆಯಲ್ಲಿ ಗ್ಯಾಟ್ಸ್‌ನ ಅಂಕಿಯೂ ಡಬ್ಲ್ಯುಎಚ್‌ಒ ಅಂಕಿಯೂ ತಾಳೆಯಾಗದಿದ್ದರೆ ಯಾರೋ ಮೋಸ ಮಾಡಿದ್ದಾರೆಂದು ಅರ್ಥವಲ್ಲ. ಒಂದು ಅಳೆದದ್ದು, ಇನ್ನೊಂದು ಅಚ್ಚಿಗೆ ಹೊಯ್ದದ್ದು.

ಇಷ್ಟೆಲ್ಲ ಓದಿ ‘ಹಾಗಾದರೆ ಅಂಕಿ ಎಲ್ಲ ಬುರುಡೆ’ ಅನ್ನುವವರ ಜೊತೆ ನಾನಿಲ್ಲ. ಆ ಮಾತು ತಂಬಾಕು ಮಾರುವವರಿಗೆ ಬಹಳ ಪ್ರಿಯ. ದೇಶದಿಂದ ದೇಶಕ್ಕೆ ಹಾರಿ ಹೋಲಿಸುವಾಗ ನೂರು ಷರತ್ತು ಹಾಕುವ ನಾನು, ಒಂದೇ ಊರಲ್ಲಿ ಒಂದೇ ಪ್ರಶ್ನೆಯನ್ನು ಒಂದೇ ರೀತಿಯಲ್ಲಿ ಎರಡು ಸಲ ಕೇಳಿದ್ದಾರೆ ಎಂದರೆ ಕಣ್ಣರಳಿಸುತ್ತೇನೆ. ಅಳತೆಗೋಲು ಅರ್ಧ ಇಂಚು ಗಿಡ್ಡವಿದ್ದರೂ ಪರವಾಗಿಲ್ಲ, ಎರಡು ಸಲವೂ ಅದೇ ಗೋಲು ಇದ್ದರೆ ಮಗು ಬೆಳೆದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಭಾರತದ ಒಟ್ಟು ಪ್ರಮಾಣ ಏಳು ವರ್ಷದಲ್ಲಿ 34.6ರಿಂದ 28.6ಕ್ಕೆ ಇಳಿಯಿತು. ಜನಸಂಖ್ಯೆ ಬೆಳೆಯುತ್ತಿದ್ದರೂ ಬಳಸುವವರ ತಲೆಲೆಕ್ಕ 27.49 ಕೋಟಿಯಿಂದ 26.68 ಕೋಟಿಗೆ ಬಂತು. ಕರ್ನಾಟಕದ್ದು 28.2ರಿಂದ 22.8ಕ್ಕೆ. ನಮ್ಮ ರಾಜ್ಯದ ಒಳಗಿನ ಲೆಕ್ಕ ಬೇಕಿದ್ದರೆ, ಎರಡನೇ ಸುತ್ತಿನಲ್ಲಿ ಗಂಡಸರು 35.2, ಹೆಂಗಸರು 10.3, ಸೇದುವವರು 8.8, ಬಾಯಿಗೆ ಹಾಕುವವರು 16.3. ಗೋವಾದ 9.7 ಮತ್ತು ತ್ರಿಪುರಾದ 64.5ರ ನಡುವೆ ಎಲ್ಲೋ ನಾವು. ಅಷ್ಟು ದೂರದ ಎರಡು ತುದಿಗಳಿರುವ ದೇಶಕ್ಕೆ ಭೂಪಟದಲ್ಲಿ ಒಂದೇ ಬಣ್ಣ ಬಳಿಯುವವರ ಧೈರ್ಯ ಮೆಚ್ಚಬೇಕು.

ಗೋಲು ಬದಲಾಗದಿದ್ದರೂ ಅಳೆಯುವ ವಸ್ತು ವೇಷ ಬದಲಿಸುತ್ತದೆ, ಅದೇ ತಲೆನೋವು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಗೂಡಂಗಡಿಯ ಮುಂದೆ ಒಂದು ಸಂಜೆ ನಿಂತು ನೋಡಿ. ಹಗ್ಗದಲ್ಲಿ ಎರಡು ಸರ ತೂಗುತ್ತಿರುತ್ತವೆ. ಒಂದು ಪಾನ್ ಮಸಾಲ, ಇನ್ನೊಂದು ಬರೀ ತಂಬಾಕು. ಗಿರಾಕಿ ಒಂದೊಂದು ಹರಿದು, ಸಣ್ಣ ಪೊಟ್ಟಣವನ್ನು ದೊಡ್ಡದಕ್ಕೆ ಸುರಿದು, ಬಾಯಿ ಮುಚ್ಚಿ ಗಡಗಡ ಅಲ್ಲಾಡಿಸಿ, ತಲೆ ಹಿಂದೆ ಬಾಗಿಸಿ ಹಾಕಿಕೊಳ್ಳುತ್ತಾನೆ. ‘ಗುಟ್ಕಾ ತಿಂತೀಯೇನಪ್ಪ?’ ಅಂದರೆ ಅವನ ಉತ್ತರ ‘ಇಲ್ಲ ಸಾರ್, ಅದು ಬ್ಯಾನ್ ಅಲ್ವಾ.’ ದೇಶದ ಗುಟ್ಕಾ ಅಂಕಿ ಎರಡು ಸುತ್ತುಗಳ ನಡುವೆ 8.2ರಿಂದ 6.8ಕ್ಕೆ ಇಳಿದದ್ದನ್ನು ಓದುವಾಗ ಆ ಗಡಗಡ ಸದ್ದು ನನ್ನ ಕಿವಿಯಲ್ಲಿರುತ್ತದೆ. ಇಳಿದದ್ದು ಸುಳ್ಳೆಂದಲ್ಲ. ಆದರೆ ಎಷ್ಟು ಇಳಿಯಿತು, ಎಷ್ಟು ಪಕ್ಕದ ಸಾಲಿಗೆ ಸರಿಯಿತು ಎಂಬುದನ್ನು ಬಿಡಿಸಲು ಒಟ್ಟು ಹೊಗೆರಹಿತದ ಸಾಲನ್ನೇ ನೋಡಬೇಕು. ಅದು 25.9ರಿಂದ 21.4ಕ್ಕೆ ಬಂದಿರುವುದರಿಂದ ನಾನು ನಿಟ್ಟುಸಿರು ಬಿಡುತ್ತೇನೆ.

ಗ್ಯಾಟ್ಸ್‌ನ ಪ್ರಶ್ನಾವಳಿಯನ್ನು ಪ್ರತಿ ದೇಶದ ಭಾಷೆಗೆ ತಂದಮೇಲೆ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಹೊರಳಿಸಿ ತಾಳೆ ನೋಡುತ್ತಾರೆ. ಒಳ್ಳೆಯ ಪದ್ಧತಿ. ಆದರೂ ನನಗೊಂದು ಗುಮಾನಿ: ನಮ್ಮ ಫಾರಂನ ‘ತಂಬಾಕು ಸೇವಿಸುತ್ತೀರಾ’ ಎಂಬುದನ್ನು ಹಾಗೆ ಹೊರಳಿಸಿದ್ದರೆ ಅಚ್ಚುಕಟ್ಟಾಗಿ ಪಾಸಾಗುತ್ತಿತ್ತು. ಜಗಲಿ ಮೇಲೆ ಮಾತ್ರ ಫೇಲು. ಹಾಗಾಗಿಯೇ ದೊಡ್ಡ ಸಮೀಕ್ಷೆಗಳು ಬೀಡಿ, ಖೈನಿ, ಜರ್ದಾ, ಎಲೆಯಡಿಕೆಗೆ ತಂಬಾಕು ಎಂದು ಒಂದೊಂದನ್ನೇ ಹೆಸರು ಹಿಡಿದು ಕೇಳುತ್ತವೆ.

ಅವತ್ತು ಸಂಜೆ ಮೇಲ್ವಿಚಾರಕರಿಗೆ ನಡೆದದ್ದು ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಫಾರಂ ಕಟ್ಟು ನನ್ನ ಕೈಗೇ ವಾಪಸು ಕೊಟ್ಟು, ‘ನಾಳೆ ಬೆಳಿಗ್ಗೆ ಅದೇ ಮನೆಗಳಿಗೆ ಹೋಗು. ಸೇವನೆ ಗೀವನೆ ಬಿಡು. ಎಲೆಅಡಿಕೆ ಹಾಕ್ತೀರಾ ಅಂತ ಶುರು ಮಾಡು, ಅದರ ಜೊತೆ ಏನೇನು ಹಾಕ್ತೀರಾ ಅಂತ ಕೇಳು’ ಎಂದರು.

ಹೋದೆ. ಅಜ್ಜಿ ನಕ್ಕಳು, ‘ಅದ್ನೇನಪ್ಪ ನಿನ್ನೆ ಕೇಳಿದ್ದು ನೀನು?’ ಅಂದಳು. ಉಳಿದ ಮನೆಗಳಲ್ಲೂ ಒಂದೊಂದೇ ‘ಇಲ್ಲ’ ಅಳಿಸಿ ‘ಹೌದು’ ಆಗುತ್ತ ಬಂತು. ಎಲ್ಲವೂ ಅಲ್ಲ, ಎರಡು ಮನೆಯಲ್ಲಿ ನಿಜಕ್ಕೂ ಬರೀ ಎಲೆ, ಅಡಿಕೆ, ಸುಣ್ಣ. ಹನ್ನೊಂದನೇ ಮನೆಗೆ ಬೀಗ ಹಾಕಿತ್ತು. ಪಕ್ಕದವರು ಹೇಳಿದರು: ಮಗಳ ಊರಲ್ಲಿ ಜಾತ್ರೆ, ಬರೋದು ಇನ್ನೊಂದು ವಾರ. ಮರುದಿನಕ್ಕೆ ನಮ್ಮ ತಂಡ ಬೇರೆ ಹಳ್ಳಿಗೆ ಹೊರಡಬೇಕಿತ್ತು. ಬಾಗಿಲ ಪಕ್ಕದ ಸುಣ್ಣದ ಗೋಡೆಯ ಮೇಲೆ, ಕೂತು ಎದ್ದ ಕಡೆ, ಕೆಂಪು ಬೆರಳಿನ ಗುರುತುಗಳಿದ್ದವು. ಅದನ್ನು ನೋಡಿ ಬರೆದುಕೊಳ್ಳುವ ಹಾಗಿರಲಿಲ್ಲ. ಆ ಫಾರಂನಲ್ಲಿ ‘ಇಲ್ಲ’ ಹಾಗೆಯೇ ಉಳಿಯಿತು.